ಹರಿದ ಟೈಮ್‌ಟೇಬಲ್ ಹರಿದೇ ಇರಲಿ

ಪ್ರೀತಿಯ ತಂಗೀ,

ಹೆಸರು ಹಾಕಬೇಡಿ ಎಂದು ಬರೆದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೆ ಗೊತ್ತಾಗಲೆಂದು ಪತ್ರದ ಸಾರ ಇಷ್ಟು. ನೀವು ಮುಂಬೈ ಹತ್ತಿರದ ಡೊಂಬಿವಲಿಯವರು. ಎಂಟು ವರ್ಷದ ಮಗಳು, ಮೂರು ವರ್ಷದ ಮಗ. ದಿನಾ ಲೋಕಲ್‌ನಲ್ಲಿ ಫೋರ್ಟಿನ ಆಫೀಸಿಗೆ ಹೋಗಿ ಬಂದು, ಮನೆಯನ್ನೂ ಒಬ್ಬರೇ ಎಳೆದು, ಹೋದ ವರ್ಷ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾರದೆ ಹೋದಿರಿ. ಡಾಕ್ಟರು ಖಿನ್ನತೆ ಎಂದರು. ಏಳು ತಿಂಗಳಿಂದ ಮಾತ್ರೆ ನಡೆದಿದೆ, ಈಗ ಎಷ್ಟೋ ವಾಸಿ. ಆ ಧೈರ್ಯದಲ್ಲಿ ಒಂದು ಟೈಮ್‌ಟೇಬಲ್ ಬರೆದು ಫ್ರಿಜ್ ಮೇಲೆ ಅಂಟಿಸಿದಿರಿ: ಐದಕ್ಕೆ ಏಳುವುದು, ಯೋಗ, ವಾಕಿಂಗ್, ರಾಗಿ ಅಂಬಲಿ, ಮಕ್ಕಳ ಡಬ್ಬಿಗೆ ದಿನಕ್ಕೊಂದು ಹೊಸ ತಿಂಡಿ, ರಾತ್ರಿ ಹತ್ತಕ್ಕೆ ಮೊಬೈಲ್ ಬಂದ್. ನಾಲ್ಕು ದಿನ ನಡೆಯಿತು. ಐದನೇ ದಿನ ಏಳಲಾಗಲಿಲ್ಲ, ಹರಿದು ಹಾಕಿದಿರಿ. ‘ನಾನು ಸೋಮಾರಿಯಾ? ಮೊದಲಿನ ಹಾಗೆ ಆಗೋದು ಯಾವಾಗ?’ ಎಂದು ಕೇಳಿದ್ದೀರಿ.

ಸೋಮಾರಿಯಲ್ಲ. ಸೋಮಾರಿಗೆ ಮಲಗಿದರೆ ಸುಖ ಸಿಗುತ್ತದೆ. ನಿಮಗೆ ಮಲಗಿದರೂ ಸಿಗಲಿಲ್ಲ, ನೀವೇ ಬರೆದಿದ್ದೀರಿ.

ಇನ್ನು ‘ಮೊದಲಿನ ಹಾಗೆ’. ಯಾಕೆ ಆಗಬೇಕು ಹೇಳಿ? ನಾಲ್ಕೂವರೆಗೆ ಎದ್ದು, ನಾಲ್ಕು ಡಬ್ಬಿ ಕಟ್ಟಿ, ಫಾಸ್ಟ್ ಟ್ರೇನಿನಲ್ಲಿ ನಿಂತೇ ಹೋಗಿ, ಸಂಜೆ ಸೀಟು ಸಿಕ್ಕ ದಿನ ಅಲ್ಲೇ ಮೆಂತ್ಯ ಸೊಪ್ಪು ಬಿಡಿಸಿಕೊಂಡು ಮನೆಗೆ ಬಂದು ಮತ್ತೆ ಒಲೆ ಮುಂದೆ ನಿಂತ ಆ ದಿನಗಳೇ ಅಲ್ವಾ ನಿಮ್ಮನ್ನು ಮಲಗಿಸಿದ್ದು? ನೀವು ಫ್ರಿಜ್ ಮೇಲೆ ಅಂಟಿಸಿದ್ದೂ ಅದನ್ನೇ, ಅದರ ಮೇಲೆ ಯೋಗ, ಅಂಬಲಿ ಹೇರಿ.

ಎರಡು ವಿಷಯ ಕಲಸಿಹೋಗಿವೆ, ಬಿಡಿಸಿಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟನ್ನು ಕಾಯಿಲೆ ಅನ್ನುವುದಿಲ್ಲ, ಕೆಲಸದ ಜಾಗದ ತೀರದ ಒತ್ತಡದಿಂದ ಬರುವ ಬಳಲಿಕೆ ಅನ್ನುತ್ತದೆ. ತಾಯಿಯ ಮಟ್ಟಿಗೆ ಮನೆಯೂ ಕೆಲಸದ ಜಾಗವೇ, ಅಲ್ಲಿ ಭಾನುವಾರದ ರಜೆಯೂ ಇಲ್ಲ. ಖಿನ್ನತೆ ಹಾಗಲ್ಲ, ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಬೇಕು. ನಿಮಗೆ ಎರಡೂ ಒಟ್ಟಿಗೆ ಬಂದಿವೆ. ಹೊರೆ ಇಳಿಸದೆ ಬರೀ ಮಾತ್ರೆ ಸಾಲದು, ಮಾತ್ರೆ ಬಿಟ್ಟು ಬರೀ ವಾಕಿಂಗ್ ಕೂಡ ಸಾಲದು. ‘ಹುಷಾರಾಗಿದ್ದೇನೆ, ನಿಲ್ಲಿಸಲಾ?’ ಎಂದು ಕೊನೆಯಲ್ಲಿ ಸಣ್ಣಗೆ ಕೇಳಿದ್ದೀರಲ್ಲ, ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ವಾಸಿ ಅನಿಸಿದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು ಬರಬಹುದು, ಕಾಯಿಲೆಯೇ ತಿರುಗಿ ಬರಬಹುದು. ಮುಂದಿನ ಸಲ ಹೋದಾಗ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಬೇಕಾ ಎಂದೂ ಕೇಳಿ. ಸುಸ್ತಿಗೆ ಎಷ್ಟೋ ಸಲ ಅವೂ ಕಾರಣ.

ಈಗ ಅಭ್ಯಾಸದ ಮಾತು. ನನ್ನ ಎರಡನೇ ಹೆರಿಗೆಯ ನಂತರ ನಾನೂ ಹೀಗೆ ಬಿದ್ದಿದ್ದೆ. ಘಾಟ್ಕೋಪರಿನ ಎರಡು ರೂಮಿನ ಮನೆ. ಎಷ್ಟೋ ದಿನ ತಲೆ ಬಾಚಿಕೊಂಡವಳಲ್ಲ. ಪಕ್ಕದ ಮನೆಯ ಮರಾಠಿ ಕಾಕು, ಅಂದರೆ ಚಿಕ್ಕಮ್ಮ, ಉಪದೇಶ ಮಾಡಲಿಲ್ಲ. ‘ಹಾಲಿನ ಪ್ಯಾಕೆಟ್ ಒಳಗೆ ತಗೊಳ್ತೀಯಲ್ಲ, ತಗೊಂಡ ಮೇಲೆ ಗ್ಯಾಲರಿಗೆ ಬಂದು ನಿಲ್ಲು, ನಾನೂ ನಿಲ್ಲುತ್ತೇನೆ’ ಅಂದರು. ಅಷ್ಟೇ. ಐದು ನಿಮಿಷ. ಮಾತಾಡಲೇಬೇಕೆಂದಿರಲಿಲ್ಲ. ಮನಸ್ಸಿಲ್ಲದ ದಿನವೂ ನಿಂತೆ, ಯಾಕೆಂದರೆ ಹಾಲಂತೂ ಬರುತ್ತಿತ್ತು. ಆ ಐದು ನಿಮಿಷದ ಹಿಂದೆಯೇ ಒಂದು ದಿನ ಬಾಚಣಿಗೆ ಕೈಗೆ ಬಂತು.

ಕಾಕುಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ, ಅವರು ಮಾಡಿಸಿದ್ದು ಡಾಕ್ಟರುಗಳು ಬಿಹೇವಿಯರಲ್ ಆಕ್ಟಿವೇಷನ್ ಎನ್ನುವ ಚಿಕಿತ್ಸೆಯ ದಾರಿಯೇ. ಮೂಡ್ ಬಂದ ಮೇಲೆ ಮಾಡೋಣ ಎಂದು ಕಾದರೆ ಖಿನ್ನತೆಯಲ್ಲಿ ಆ ಮೂಡ್ ಬರುವುದೇ ಇಲ್ಲ. ಸಣ್ಣದೊಂದು ಕೆಲಸ ಮೊದಲು, ಉತ್ಸಾಹ ಆಮೇಲೆ ನಿಧಾನಕ್ಕೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿಯ ನಿದ್ದೆಯೂ ದಾರಿಗೆ ಬರುತ್ತದೆ. ಅದಕ್ಕೇ ಐದು ಗಂಟೆಯ ಹಟ ಬಿಡಿ. ಆರೂವರೆಯೇ ಇರಲಿ, ದಿನಾ ಅದೇ ಹೊತ್ತಿಗೆ ಏಳಿ. ಮಗ ರಾತ್ರಿ ಎಬ್ಬಿಸಿದ ಮರುದಿನ ಆ ನಿಯಮಕ್ಕೂ ರಜೆ. ಸಂಜೆ ನಾಲ್ಕರ ನಂತರ ಚಹಾ ಬೇಡ.

ನಾಲ್ಕು ದಿನಕ್ಕೇ ಮುರಿಯಿತು ಎಂದು ಅತ್ತಿದ್ದೀರಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂದು ಸಣ್ಣ ಅಭ್ಯಾಸ ಮೈಗೂಡಲು ಸರಾಸರಿ 66 ದಿನ, ಕೆಲವರಿಗೆ 18, ಇನ್ನು ಕೆಲವರಿಗೆ 254 ದಿನವಾಗಬಹುದು ಎಂಬ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಹಾಳಾಗಲಿಲ್ಲ. ಅವರು ಒಬ್ಬೊಬ್ಬರೂ ಆರಿಸಿಕೊಂಡದ್ದು ಒಂದೇ ಅಭ್ಯಾಸ. ನೀವು ಆರು ಹಿಡಿದಿದ್ದಿರಿ, ಅದೂ ಕಾಯಿಲೆಯಿಂದ ಏಳುತ್ತಿರುವಾಗ.

ಹಾಗಾದರೆ ಬಾಕಿ ಕೆಲಸ ಯಾರು ಮಾಡುವುದು? ಇದು ನಿಮ್ಮ ಯಜಮಾನರೂ ಓದಲಿ ಎಂದೇ ಬರೆಯುತ್ತಿದ್ದೇನೆ. ‘ಸ್ವಲ್ಪ ಸಹಾಯ ಮಾಡಿ’ ಅಂದರೆ ಏನೂ ಆಗುವುದಿಲ್ಲ. ಬೆಳಗಿನ ಡಬ್ಬಿ ಅವರದು, ಪೂರ್ತಿ ಅವರದು, ಏನು ತರಬೇಕೆಂದು ನೆನಪಿಡುವುದೂ ಸೇರಿ. ಚಪಾತಿ ನಿಮ್ಮೂರಿನ ಪೋಳಿ-ಭಾಜಿ ಕೇಂದ್ರದಿಂದ ಬರಲಿ, ಮಕ್ಕಳು ಅದನ್ನೂ ತಿನ್ನುತ್ತಾರೆ. ಅತ್ತೆ ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಅಂದರಂತೆ. ಇತ್ತು ತಂಗೀ. ಗಾಳಿ ಸೋಂಕು ಎಂದು ತಾಯತ ಕಟ್ಟಿಸುತ್ತಿದ್ದರು. ವಾದ ಮಾಡಬೇಡಿ, ಶಕ್ತಿ ಖರ್ಚು. ‘ಅತ್ತೆ, ಸಂಜೆ ಆರರಿಂದ ಆರೂವರೆ ಇವನನ್ನು ಕೆಳಗೆ ಆಡಿಸಿಕೊಂಡು ಬರ್ತೀರಾ’ ಎಂದು ಕೇಳಿ ನೋಡಿ. ಹೊತ್ತು ಗೊತ್ತುಮಾಡಿ ಕೇಳಿದರೆ ಇಲ್ಲ ಅನ್ನುವುದು ಕಷ್ಟ. ಆ ಅರ್ಧ ಗಂಟೆ ಪಾತ್ರೆ ತೊಳೆಯಬೇಡಿ. ಸುಮ್ನೆ ಕೂತುಕೊಳ್ಳಿ.

ಇನ್ನೊಂದು ಮಾತು. ಬದುಕೇ ಬೇಡ ಅನ್ನುವ ಯೋಚನೆ ಎಂದಾದರೂ ಸುಳಿದರೆ ನಾಳೆ ಹೇಳೋಣ ಎಂದು ಇಟ್ಟುಕೊಳ್ಳಬೇಡಿ. ಆ ಕ್ಷಣವೇ ಮನೆಯವರಿಗೆ, ಡಾಕ್ಟರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇದೆ, ಹಣ ಕೊಡಬೇಕಿಲ್ಲ. ನಂಬರನ್ನು ಇವತ್ತೇ ಫೋನಿನಲ್ಲಿ ಸೇವ್ ಮಾಡಿ.

ನಾಳೆ ಹಾಲಿನ ಪ್ಯಾಕೆಟ್ ಒಳಗೆ ತಂದ ಮೇಲೆ ಕಿಟಕಿಯ ಹತ್ತಿರ ಐದು ನಿಮಿಷ ನಿಲ್ಲಿ. ತಿಂಗಳಾದ ಮೇಲೆ ನನಗೊಂದು ಕಾರ್ಡು ಹಾಕಿ. ಎಷ್ಟು ದಿನ ನಿಂತಿರಿ ಎಂಬ ಲೆಕ್ಕ ಬೇಡ. ಅಲ್ಲಿಂದ ಏನು ಕಾಣಿಸಿತು ಎಂದು ಬರೆಯಿರಿ.

ನಿಮ್ಮ ಅಕ್ಕ,
ಸಂಪಾದಕಿ