ಅಜ್ಜನ ಚಾಕುವಿಗೆ ಪಾಲಿಶ್ ಬೇಡ, ಎಣ್ಣೆ ಸಾಕು

ಮಳೆ ಶುರುವಾದ ಕೂಡಲೇ ನಮ್ಮ ಅಂಕಣಕ್ಕೆ ತುಕ್ಕಿನ ಪತ್ರಗಳು ಬರುತ್ತವೆ. ಈ ಸಲ ಬಂದವುಗಳಲ್ಲಿ ಜಾಸ್ತಿ ಮಡಚುವ ಚಾಕುವಿನ ಬಗ್ಗೆ. ನನಗೆ ಖುಷಿಯಾಯಿತು. ಮುಂಬಯಿಯ ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೌಂಟರ್ ಹಿಂದೆ ನಿಂತು ಅರ್ಧ ಆಯುಷ್ಯ ಕಳೆದವನು ನಾನು. ಉಳಿ, ಗರಗಸ, ಕತ್ತರಿ ಎಲ್ಲ ಮಾರಿದ್ದೇನೆ. ಪ್ರೀತಿ ಮಾತ್ರ ಕಿಸೆಗೆ ಹಿಡಿಯುವ ಸಣ್ಣ ಚಾಕುವಿನ ಮೇಲೆ. ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ.

ಪ್ರಶ್ನೆ: ಅಣ್ಣಾ, ನಮ್ಮ ಮಾವನವರ ಟ್ರಂಕಿನಲ್ಲಿ ಹಳೇ ಮಡಚು ಚಾಕು ಸಿಕ್ಕಿತು. ಎರಡು ಅಲಗು ಇದೆ. ಬುಡದಲ್ಲಿ ರಾಡ್ಜರ್ಸ್, ಶೆಫೀಲ್ಡ್ ಅಂತ ಕೆತ್ತಿದೆ. ಒಂದು ಅಲಗು ಕಪ್ಪಾಗಿದೆ, ಅಲ್ಲಲ್ಲಿ ಕೆಂಪು ತುಕ್ಕು. ಇನ್ನೊಂದು ತೆರೆಯುವುದೇ ಇಲ್ಲ. ಮಗ ಬಫಿಂಗ್ ಮಾಡಿಸಿ ಹೊಸದರ ಹಾಗೆ ಮಾಡ್ತೀನಿ ಅಂತಾನೆ. ಮಾಡಿಸಲಾ?
— ಮುಲುಂಡಿನ ಓದುಗರು

ಉತ್ತರ: ಬೇಡಮ್ಮ. ಮಗನಿಗೆ ಇವತ್ತೇ ಹೇಳಿಬಿಡಿ. ಶೆಫೀಲ್ಡ್ ಇಂಗ್ಲೆಂಡಿನ ಊರು, ರಾಡ್ಜರ್ಸ್ ಅಲ್ಲಿನ ಚಾಕು ಕಂಪನಿ. ಪಾಲಿಶ್ ಮಾಡುವ ಬಫಿಂಗ್ ಚಕ್ರಕ್ಕೆ ಕೊಟ್ಟರೆ ಮೊದಲು ಹೋಗುವುದು ಬುಡದ ಆ ಕೆತ್ತನೆ. ಆಮೇಲೆ ಅಲಗಿನ ಅಂಚುಗಳೆಲ್ಲ ಗುಂಡಗಾಗುತ್ತವೆ. ಚಕ್ರದ ಬಿಸಿಗೆ ಉಕ್ಕಿನ ಹದವೂ (ಕಾಯಿಸಿ ತಂದ ಗಡಸುತನ) ಕೆಡಬಹುದು. ಹೋದದ್ದನ್ನು ಯಾರೂ ಮತ್ತೆ ಹಾಕಿ ಕೊಡುವುದಿಲ್ಲ. ಹಳೇ ಚಾಕುವಿಗೆ ಎಷ್ಟು ಕಡಿಮೆ ಕೈ ಹಾಕುತ್ತೀರೋ ಅಷ್ಟು ಒಳ್ಳೆಯದು.

ಅಲಗು ಕಪ್ಪಾಗಿದ್ದಕ್ಕೆ ಚಿಂತೆ ಬೇಡ. ಅದು ಕಾರ್ಬನ್ ಉಕ್ಕು, ಅಂದರೆ ಸ್ಟೇನ್‌ಲೆಸ್ ಅಲ್ಲದ, ತುಕ್ಕು ಹಿಡಿಯುವ ಉಕ್ಕು. ಈರುಳ್ಳಿ, ಮಾವಿನಕಾಯಿ, ಸೇಬು ಕೊಯ್ದು ಕೊಯ್ದು ಬರುವ ಬೂದು ಬಣ್ಣ, ನೀಲಿ ಛಾಯೆ ಉಕ್ಕಿನ ಮೇಲೆ ತೆಳುವಾದ ಪದರವಾಗಿ ಕೂತು, ಕೆಂಪು ತುಕ್ಕು ಸುಲಭಕ್ಕೆ ಹಿಡಿಯದ ಹಾಗೆ ನೋಡಿಕೊಳ್ಳುತ್ತದೆ. ನಿಮ್ಮ ಮಾವನವರು ವರ್ಷಗಟ್ಟಲೆ ಹಣ್ಣು ಕೊಯ್ದ ಗುರುತು ಅದು. ಇರಲಿ. ತೆಗೆಯಬೇಕಾದ್ದು ಕೆಂಪು ಮಾತ್ರ. ಕೆಂಪು ಒಳಕ್ಕೆ ತಿನ್ನುತ್ತಾ ಹೋಗುತ್ತದೆ.

ತೆರೆಯದ ಅಲಗನ್ನು ಇಕ್ಕಳದಲ್ಲಿ ಎಳೆಯಬೇಡಿ. ಉಗುರು ಸಿಕ್ಕಿಸುವ ಗೀರು ಇರುತ್ತದಲ್ಲ, ಅಲ್ಲೇ ಅಲಗು ಚೂರಾದದ್ದನ್ನು ನೋಡಿದ್ದೇನೆ. ತಿರುಗುವ ಕೀಲಿಗೆ ಹೊಲಿಗೆ ಮಶೀನಿನ ಎಣ್ಣೆ ಒಂದೆರಡು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೆಲ್ಲಗೆ ಪ್ರಯತ್ನಿಸಿ. ಬರದಿದ್ದರೆ ಮತ್ತೆ ಎಣ್ಣೆ, ಮತ್ತೆ ಒಂದು ರಾತ್ರಿ. ಬಂದ ಮೇಲೆ ಹಲ್ಲುಕಡ್ಡಿಗೆ ಬಟ್ಟೆ ಸುತ್ತಿ ಒಳಗಿನ ಸಂದಿಯಲ್ಲಿ ಆಡಿಸಿ. ಹಳೇ ಕಿಸೆಯ ನೂಲು, ಮಣ್ಣು, ತಂಬಾಕಿನ ಪುಡಿ ಎಲ್ಲ ಹೊರಗೆ ಬರುತ್ತದೆ. ಆ ಕಸವೇ ನೀರು ಹಿಡಿದಿಟ್ಟುಕೊಂಡು ಒಳಗಿನಿಂದ ತುಕ್ಕು ಹಿಡಿಸುವುದು.

ಕೆಂಪು ತುಕ್ಕಿಗೆ ಎಣ್ಣೆ ಹಚ್ಚಿ, ಅತಿ ಸಣ್ಣ ಎಳೆಯ ಸ್ಟೀಲ್ ವುಲ್‌ನಿಂದ ಅಲಗಿನ ಉದ್ದಕ್ಕೆ ಹಗುರವಾಗಿ ಉಜ್ಜಿ. ಅಂಗಡಿಯಲ್ಲಿ ‘ನಾಲ್ಕು ಸೊನ್ನೆ’ ನಂಬರಿನದು ಅಂತ ಕೇಳಿ. ಪಾತ್ರೆ ತಿಕ್ಕುವ ಒರಟು ಜುಂಗು ಬೇಡ. ಗಟ್ಟಿ ಕೂತ ಚುಕ್ಕೆಯನ್ನು ಹಳೇ ತಾಮ್ರದ ಕಾಸಿನ ಅಂಚಿನಿಂದ ಕೆರೆಯಬಹುದು. ತಾಮ್ರ ಉಕ್ಕಿಗಿಂತ ಮೆದು, ಗೀರು ಬೀಳುವುದಿಲ್ಲ. ನಿಂಬೆ, ಉಪ್ಪು, ವಿನೆಗರ್, ತುಕ್ಕು ತೆಗೆಯುವ ಆಸಿಡ್ ಏನೂ ತಾಗಿಸಬೇಡಿ. ಬಿಸಿ ನೀರಿನಲ್ಲೂ ನೆನೆಸಬೇಡಿ, ಮೂಳೆಯ ಹಿಡಿಯಾದರೆ ಬಿರುಕು ಬಿಡುತ್ತದೆ.

ಇನ್ನು ವಯಸ್ಸು. ರಾಡ್ಜರ್ಸ್ ಅವರ ಗುರುತು ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ (ತೋಳುಗಳು ಹೊರಕ್ಕೆ ಅಗಲವಾಗುವ ಶಿಲುಬೆ). ಭೂತಗನ್ನಡಿ ಹಿಡಿದು ನೋಡಿ. ಆ ಹೆಸರನ್ನು ನಕಲು ಮಾಡಿದವರು ಆ ಕಾಲದಲ್ಲೇ ಬಹಳ ಜನ ಇದ್ದರು, ಹಾಗಾಗಿ ಬರೀ ಹೆಸರು ನೋಡಿ ನಂಬುವ ಹಾಗಿಲ್ಲ. ಕಿರೀಟದ ಜೊತೆ ‘ವಿ ಆರ್’ ಅಂತ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲದ್ದು, ಅಂದರೆ 1901ಕ್ಕೂ ಹಿಂದಿನದು. ‘ಜಿ ಆರ್’ ಅಂತಿದ್ದರೆ ಜಾರ್ಜ್ ದೊರೆಗಳ ಕಾಲದ್ದು, ಹೆಚ್ಚಾಗಿ 1910ರಿಂದ 1952ರ ಒಳಗಿನದು. ‘ಸ್ಟೇನ್‌ಲೆಸ್’ ಅಂತ ಕೆತ್ತಿದ್ದರೆ 1913ಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ. ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲಿ ಆ ಉಕ್ಕು ತಯಾರಿಸಿದ್ದೇ ಆ ವರ್ಷ.

ಹಿಡಿಯನ್ನೂ ಗಮನವಿಟ್ಟು ನೋಡಿ. ಮೂಳೆಯಾದರೆ ಸಣ್ಣ ಕಪ್ಪು ಚುಕ್ಕೆ, ಗೆರೆ ಕಾಣುತ್ತವೆ. ಹೆಣೆದ ಹಾಗೆ ಒಂದನ್ನೊಂದು ಹಾಯುವ ಗೆರೆಗಳಿದ್ದರೆ ದಂತ ಇರಬಹುದು. ದಂತವಾಗಲಿ ಕಡವೆ ಕೊಂಬಾಗಲಿ, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಸುಮ್ನೆ ಮಾರುವುದು, ಕೊಳ್ಳುವುದು ಆಗದು. ಅಂಥ ಸಂಶಯ ಬಂದರೆ ಯಾರಿಗೂ ಮಾರಲು ಹೋಗದೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಪ್ರಶ್ನೆ: ಫ್ರಾನ್ಸಿಗೆ ಹೋಗಿದ್ದ ಗೆಳೆಯ ಒಪಿನೆಲ್ ಚಾಕು ತಂದುಕೊಟ್ಟ. ಮರದ ಹಿಡಿ. ಜೂನ್‌ವರೆಗೆ ಚೆನ್ನಾಗಿತ್ತು. ಈಗ ಅಲಗು ಹಿಡಿಯೊಳಗೆ ಕಚ್ಚಿಕೊಂಡು ಕೂತಿದೆ. ಕೆಟ್ಟುಹೋಯಿತಾ?
— ಬೊರಿವಲಿಯ ಓದುಗರು

ಉತ್ತರ: ಕೆಟ್ಟಿಲ್ಲ. ಹಿಡಿ ಬೀಚ್ ಮರದ್ದು, ನಮ್ಮ ಮಳೆಗಾಲದ ತೇವ ಕುಡಿದು ಉಬ್ಬಿದೆ. ನಮ್ಮ ಮನೆಗಳ ಮರದ ಬಾಗಿಲು ಜುಲೈಯಲ್ಲಿ ಕಚ್ಚುತ್ತದಲ್ವಾ, ಅದೇ ಕಥೆ. ಆಲ್ಪ್ಸ್ ಬೆಟ್ಟದ ಸವಾಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಈ ಚಾಕು ಮಾಡಿದ್ದು. ಅಲ್ಲಿನವರಿಗೂ ಈ ತೊಂದರೆ ಗೊತ್ತು, ಅದಕ್ಕೊಂದು ಉಪಾಯವೂ ಇದೆ. ಕುತ್ತಿಗೆಯಲ್ಲಿರುವ ಉಕ್ಕಿನ ಬಳೆಯನ್ನು ಮೊದಲು ಬಿಚ್ಚಿದ ಸ್ಥಾನಕ್ಕೆ ತಿರುಗಿಸಿ. (1955ರಲ್ಲಿ ಸೇರಿಸಿದ ಬೀಗ ಅದು. ಅದಕ್ಕೂ ಮುಂಚಿನವಕ್ಕೆ ಬೀಗವೇ ಇರಲಿಲ್ಲ.) ಆಮೇಲೆ ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಟಕ್ ಅಂತ ಬಡಿಯಿರಿ. ಬುಡದ ಹೊಡೆತಕ್ಕೆ ಅಲಗಿನ ತುದಿ ಸ್ವಲ್ಪ ಮೇಲೇಳುತ್ತದೆ, ಉಗುರಿಗೆ ಸಿಗುತ್ತದೆ.

ತೆರೆದ ಮೇಲೆ ತೆರೆದೇ ಇಟ್ಟು ಫ್ಯಾನಿನ ಕೆಳಗೆ ಒಣಗಿಸಿ. ಬಿಸಿಲಿಗೆ, ಒಲೆಯ ಹತ್ತಿರಕ್ಕೆ ಬೇಡ, ಮರ ಸೀಳುತ್ತದೆ. ಒಣಗಿದ ಮೇಲೆ ಕೀಲಿನ ಅಕ್ಕಪಕ್ಕದ ಮರಕ್ಕೆ ವ್ಯಾಸಲಿನ್ ತಿಕ್ಕಿ. ಇನ್ನು ಮುಂದೆ ಈ ಚಾಕುವನ್ನು ನಲ್ಲಿ ಕೆಳಗೆ ಹಿಡಿಯಬೇಡಿ, ಒದ್ದೆ ಬಟ್ಟೆಯಿಂದ ಅಲಗು ಮಾತ್ರ ಒರೆಸಿ.

ಪ್ರಶ್ನೆ: ನಮ್ಮ ಸೊಸೈಟಿ ಗೇಟಿಗೆ ಸೈಕಲ್ ಚಕ್ರದ ಧಾರ್‌ವಾಲಾ (ಚಾಕು ಮಸೆಯುವವನು) ಬರುತ್ತಾನೆ. ಕಿಸೆಯ ಚಾಕು ಕೊಡಬಹುದಾ?
— ಥಾಣೆಯ ಓದುಗರು

ಉತ್ತರ: ಕತ್ತರಿ, ಅಡುಗೆಮನೆಯ ದಪ್ಪ ಚೂರಿ ಕೊಡಿ. ಅವನ ಕೈಚಳಕದ ಬಗ್ಗೆ ನನಗೆ ಗೌರವ ಇದೆ. ಸಣ್ಣ ಹಳೇ ಚಾಕು ಮಾತ್ರ ಕೊಡಬೇಡಿ. ತೆಳು ಅಲಗು ಒಣ ಚಕ್ರದಲ್ಲಿ ಕ್ಷಣದಲ್ಲಿ ಕಾಯುತ್ತದೆ. ಇಂಥ ಕಾರ್ಬನ್ ಉಕ್ಕನ್ನು ಹದ ಮಾಡುವುದು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಅದು 300ರ ಹತ್ತಿರ ಹೋಗಿದೆ ಅಂತ ಅರ್ಥ. ಆ ಜಾಗ ಮೆತ್ತಗಾಯಿತು, ಇನ್ನು ಹರಿತ ನಿಲ್ಲುವುದಿಲ್ಲ.

ಎರಡು ಬದಿಯ ಸಾಣೆಕಲ್ಲು ತನ್ನಿ, ಒಂದು ಬದಿ ಒರಟು, ಇನ್ನೊಂದು ನಯ. ಚಾಕು ತೀರಾ ಮೊಂಡಾಗಿಲ್ಲದಿದ್ದರೆ ನಯದ ಬದಿ ಸಾಕು. ಕಲ್ಲಿಗೆ ನೀರು ಹಾಕಿ. ಅಲಗನ್ನು ಕಲ್ಲಿನ ಮೇಲೆ ನೇರ ನಿಲ್ಲಿಸಿ, ಅದನ್ನು ಅರ್ಧ ಬಗ್ಗಿಸಿ, ಆ ಅರ್ಧವನ್ನು ಇನ್ನೊಮ್ಮೆ ಅರ್ಧ ಬಗ್ಗಿಸಿ. ಸುಮಾರು 20 ಡಿಗ್ರಿ ಬಂತು. ಅದೇ ಓರೆಯಲ್ಲಿ, ಕಲ್ಲಿನಿಂದ ತೆಳು ಸಿಪ್ಪೆ ಹೆರೆಯುವ ಹಾಗೆ ಮುಂದಕ್ಕೆ ತಳ್ಳಿ. ಒಂದು ಬದಿ ಮಸೆಯುತ್ತಾ ಹೋದ ಹಾಗೆ ಇನ್ನೊಂದು ಬದಿಯ ಅಂಚಿನಲ್ಲಿ ಬೆರಳಿಗೆ ತರಿತರಿ ತಾಗುತ್ತದೆ. ಬೆರಳನ್ನು ಅಂಚಿನ ಉದ್ದಕ್ಕೆ ಎಳೆಯದೆ, ಅಲಗಿನ ಬೆನ್ನಿನ ಕಡೆಯಿಂದ ಹೊರಕ್ಕೆ ಸವರಿ ನೋಡಿ. ಬುಡದಿಂದ ತುದಿಯವರೆಗೆ ತರಿ ಬಂತು ಅಂದರೆ ಆ ಬದಿ ಮುಗಿಯಿತು, ಮಗುಚಿ. ಕೊನೆಗೆ ಹಗುರ ಕೈಯಲ್ಲಿ ಎರಡೂ ಬದಿ ಎಳೆದು ತರಿ ತೆಗೆಯಿರಿ. ಕಲ್ಲು ಸಿಗದ ದಿನ ಪಿಂಗಾಣಿ ಕಪ್ಪಿನ ತಳದಲ್ಲಿರುವ ಹೊಳಪಿಲ್ಲದ ಉಂಗುರದ ಮೇಲೆ ಮಸೆಯಿರಿ, ಚೆನ್ನಾಗಿಯೇ ಆಗುತ್ತದೆ.

ಪ್ರಶ್ನೆ: ಪುನರ್ಪುಳಿ ಕೊಯ್ದ ಮೇಲೆ ನನ್ನ ಚಾಕು ಮಸಿಯ ಹಾಗಾಯಿತು. ಹಣ್ಣಿಗೂ ಕಬ್ಬಿಣದ ವಾಸನೆ. ಹಲಸಿನ ಮೇಣ ಬೇರೆ ಅಂಟಿದೆ.
— ಮಡಗಾವಿನ ಓದುಗರು

ಉತ್ತರ: ಗೋವಾದಲ್ಲಿದ್ದು ಪುನರ್ಪುಳಿ ಕೊಯ್ಯಬೇಡಿ ಅನ್ನಲಾರೆ. ಅದಕ್ಕೆ ಸ್ಟೇನ್‌ಲೆಸ್ ಚಾಕು ಇಟ್ಟುಕೊಳ್ಳಿ. ಹುಳಿ ಮತ್ತು ಕಾರ್ಬನ್ ಉಕ್ಕು ಸೇರಿದರೆ ಹಣ್ಣಿನ ರುಚಿಯೂ ಕೆಡುತ್ತದೆ, ಅಲಗಿನಲ್ಲಿ ಸಣ್ಣ ಗುಳಿಯೂ ಬೀಳುತ್ತದೆ. ಹಲಸಿಗೆ ಮೊದಲೇ ಅಲಗಿಗೆ ಕೊಬ್ಬರಿ ಎಣ್ಣೆ ಸವರಬೇಕಿತ್ತು, ಕೈಗೆ ಸವರಿದ ಹಾಗೆ. ಈಗ ಅಂಟಿದ ಮೇಣವನ್ನೂ ಅದೇ ಎಣ್ಣೆಯಿಂದ ತಿಕ್ಕಿ ತೆಗೆಯಿರಿ. ತಿನ್ನುವ ವಸ್ತು ಕೊಯ್ಯುವ ಅಲಗಿಗೆ ಹೊಲಿಗೆ ಮಶೀನಿನ ಎಣ್ಣೆ ಸಲ್ಲದು. ಕೊಬ್ಬರಿ ಎಣ್ಣೆ ಅಥವಾ ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಹಚ್ಚಿ. ಸೂರ್ಯಕಾಂತಿ ಎಣ್ಣೆ ಬೇಡ, ದಿನ ಕಳೆದ ಹಾಗೆ ಅಂಟಾಗಿ ಕೀಲು ಹಿಡಿಯುತ್ತದೆ.

ಪ್ರಶ್ನೆ: ರಾತ್ರಿ ಪಾಳಿ ಮುಗಿಸಿ ಲೋಕಲ್ ಟ್ರೇನಿನಲ್ಲಿ ಬರುತ್ತೇನೆ. ರಕ್ಷಣೆಗೆ ಅಂತ ಕಿಸೆಯಲ್ಲಿ ಮಡಚು ಚಾಕು ಇಟ್ಟುಕೊಂಡರೆ ತಪ್ಪಾ?
— ಕಲ್ಯಾಣದ ಯುವಕ

ಉತ್ತರ: ತಮ್ಮಾ, ರಕ್ಷಣೆಯ ಯೋಚನೆಯನ್ನು ಮೊದಲು ಬಿಡು. ಸಾಂಪ್ರದಾಯಿಕ ಮಡಚು ಚಾಕುವಿಗೆ ಬೀಗ ಇರುವುದಿಲ್ಲ. ಬೆನ್ನಿನಲ್ಲಿರುವ ಒಂದು ಸ್ಪ್ರಿಂಗ್ ಪಟ್ಟಿ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ, ಅಷ್ಟೇ. ತುದಿಯಿಂದ ಚುಚ್ಚಲು ಹೋದರೆ ಅಲಗು ಮಡಚಿ ನಿನ್ನ ಬೆರಳಿನ ಮೇಲೇ ಬೀಳುತ್ತದೆ. ಅದು ಹಣ್ಣು ಕೊಯ್ಯಲು, ದಾರ ಕತ್ತರಿಸಲು, ಪೆನ್ಸಿಲ್ ಹೆರೆಯಲು ಮಾಡಿದ್ದು.

ಕಾನೂನಿನ ಮಾತೂ ಇದೆ. ಶಸ್ತ್ರಾಸ್ತ್ರ ನಿಯಮಗಳಲ್ಲಿ ಶಸ್ತ್ರ ಅಂತ ಹೇಳಿರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಮನೆ, ಹೊಲದ ಕೆಲಸದ ಕತ್ತಿಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಆ ಲೆಕ್ಕದಲ್ಲಿ ಸಣ್ಣ ಚಾಕು ಸಿಕ್ಕಿಬೀಳುವುದಿಲ್ಲ. ಆದರೆ ನಮ್ಮ ಮಹಾರಾಷ್ಟ್ರದಲ್ಲಿ 1951ರ ಪೊಲೀಸ್ ಕಾಯ್ದೆಯ 37ನೇ ಕಲಂ ಇದೆ. ಅದರ ಕೆಳಗೆ ಪೊಲೀಸ್ ಕಮಿಷನರ್ ಆದೇಶ ಹೊರಡಿಸಿದರೆ ಸಾರ್ವಜನಿಕ ಜಾಗದಲ್ಲಿ ಚಾಕು ಒಯ್ಯುವುದೇ ಅಪರಾಧ. ಹಬ್ಬ, ಚುನಾವಣೆ, ಮೋರ್ಚಾ ಅಂತ ಮುಂಬಯಿಯಲ್ಲೂ ಪುಣೆಯಲ್ಲೂ ಇಂಥ ಆದೇಶ ಆಗಾಗ ಬರುತ್ತಿರುತ್ತದೆ. ಮೆಟ್ರೋ, ಕೋರ್ಟು, ಮಾಲ್‌ಗಳ ತಪಾಸಣೆ ಬೇರೆ. ಬಟನ್ ಒತ್ತಿದರೆ ಹಾರುವ ಚಾಕುವನ್ನಂತೂ ಕೊಳ್ಳಲೇಬೇಡ. ಪಿಕ್‌ನಿಕ್ಕಿಗೆ ಒಯ್ಯುವುದಿದ್ದರೆ ಹಣ್ಣಿನ ಡಬ್ಬಿಯೊಳಗೆ, ಚೀಲದ ತಳದಲ್ಲಿ ಇಡು. ರಾತ್ರಿ ಲೋಕಲ್‌ಗೆ ಬೇಡ. ಜನ ಇರುವ ಬೋಗಿಯಲ್ಲಿ ಕೂತು ಬಾ. ಇದನ್ನು ನಿನ್ನ ಮನೆಯ ಹಿರಿಯನಾಗಿ ಹೇಳುತ್ತಿದ್ದೇನೆ.

ಪ್ರಶ್ನೆ: ಹಳೇ ಚಾಕು ಸಂಗ್ರಹ ಶುರು ಮಾಡಬೇಕು ಅಂತಿದ್ದೇನೆ. ಹಳೇ ಸಾಮಾನಿನ ಜುನಾ ಬಜಾರಿನಲ್ಲಿ ಏನು ನೋಡಿ ಕೊಳ್ಳಲಿ? ಹೇಗೆ ಇಡಲಿ?
— ಪುಣೆಯ ಓದುಗರು

ಉತ್ತರ: ಮೊದಲು ಬಾಜೀರಾವ್ ರಸ್ತೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಅಲ್ಲಿನ ಅಡಕತ್ತರಿಗಳನ್ನು ನೋಡಿ. ಎಲೆ ಅಡಿಕೆಯ ಸಣ್ಣ ಉಪಕರಣಕ್ಕೆ ನಮ್ಮ ಕಮ್ಮಾರರು ಎಷ್ಟು ಮನಸ್ಸು ಕೊಟ್ಟಿದ್ದಾರೆ ಅಂತ ಕಂಡ ಮೇಲೆ ಕಣ್ಣು ತಾನಾಗಿ ಪಳಗುತ್ತದೆ.

ಬಜಾರಿನಲ್ಲಿ ಚಾಕು ಕೈಗೆ ತೆಗೆದುಕೊಂಡು ತೆರೆಯಿರಿ, ಮುಚ್ಚಿ. ಎರಡು ಸಲವೂ ಟಕ್ ಅಂತ ಗಟ್ಟಿ ಸದ್ದು ಬರಬೇಕು. ಸದ್ದು ಸತ್ತಿದ್ದರೆ ಸ್ಪ್ರಿಂಗ್ ಸೋತಿದೆ. ಅಲಗನ್ನು ಅಕ್ಕಪಕ್ಕ ಅಲುಗಾಡಿಸಿ, ಸಡಿಲ ಇರಬಾರದು. ಆಮೇಲೆ ಬುಡ ನೋಡಿ. ಅಲಗು ಶುರುವಾಗುವಲ್ಲಿ ಮೆಟ್ಟಿಲಿನ ಹಾಗೆ ಇಳಿದಿದ್ದರೆ ಮಸೆದು ಮಸೆದು ಸವೆದಿದೆ ಅಂತ ಲೆಕ್ಕ, ಬೆಲೆ ಇಳಿಸಿ ಕೇಳಿ. ಮುಚ್ಚಿದಾಗ ತುದಿ ಹೊರಗೆ ಇಣುಕುತ್ತಿದ್ದರೆ ಬೇಡ, ಕಿಸೆ ಹರಿಯುತ್ತದೆ, ಕೈಯೂ ಹರಿಯುತ್ತದೆ. ಕನ್ನಡಿಯ ಹಾಗೆ ಹೊಳೆಯುವ ಹಳೇ ಚಾಕುವಿಗೆ ಜಾಸ್ತಿ ದುಡ್ಡು ಕೊಡಬೇಡಿ. ಕಪ್ಪಾದ, ಕೆತ್ತನೆ ಸ್ಪಷ್ಟವಾಗಿರುವ ಚಾಕುವೇ ನಿಮ್ಮದು.

ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದು ತುಕ್ಕು ಕೊಡುತ್ತದೆ. ಎಣ್ಣೆ ಒರೆಸಿದ ಹತ್ತಿಬಟ್ಟೆ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಹಿಡಿ ತಿಕ್ಕಿದರೆ ಕರ್ಪೂರದ ವಾಸನೆ ಬಂತಾ? ಅದು ಸೆಲ್ಯುಲಾಯ್ಡ್, ಹಳೇ ಕಾಲದ ಪ್ಲಾಸ್ಟಿಕ್. ಹಳೆಯದಾದ ಹಾಗೆ ಅದರಿಂದ ಹೊರಡುವ ಆವಿ ಪಕ್ಕದ ಚಾಕುಗಳಿಗೂ ತುಕ್ಕು ಹಿಡಿಸುತ್ತದೆ, ಬೆಂಕಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಅದನ್ನು ಗಾಳಿಯಾಡುವ ಕಡೆ ಬೇರೆಯಾಗಿ ಇಡಿ.

ಪ್ರಶ್ನೆ: ಅಳಿಯನಿಗೆ ಕೆಂಪು ಸ್ವಿಸ್ ಚಾಕು ಉಡುಗೊರೆ ಕೊಡಬೇಕು. ವಿಮಾನದಲ್ಲಿ ಮಂಗಳೂರಿಗೆ ಒಯ್ಯಬಹುದಾ? ಚಾಕು ಕೊಟ್ಟರೆ ಸಂಬಂಧ ಕಡಿಯುತ್ತದೆ ಅಂತಾರೆ, ಹೌದಾ?
— ಮಾಟುಂಗಾದ ಓದುಗರು

ಉತ್ತರ: ಕೈಚೀಲದಲ್ಲಿ ಖಂಡಿತ ಬೇಡ, ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಚೆಕ್-ಇನ್ ಮಾಡುವ ದೊಡ್ಡ ಬ್ಯಾಗಿನಲ್ಲಿ ಬಟ್ಟೆಯ ನಡುವೆ ಸುತ್ತಿಡಿ. ಸಂಬಂಧದ ಭಯ ಇದ್ದರೆ ಅಳಿಯನಿಂದ ಒಂದು ರೂಪಾಯಿ ಇಸಿದುಕೊಳ್ಳಿ, ಕೊಟ್ಟದ್ದಲ್ಲ, ಮಾರಿದ್ದು ಅಂತಾಯಿತು. ಸ್ವಿಸ್ ಚಾಕು ಸ್ಟೇನ್‌ಲೆಸ್, ನಮ್ಮ ಕರಾವಳಿಯ ಹವೆಗೆ ಒಳ್ಳೆಯದು. ಉಪ್ಪುನೀರು ತಾಗಿದರೆ ಉಗುರುಬೆಚ್ಚಗಿನ ನೀರಿನಲ್ಲಿ ಹಿಡಿದು ಎಲ್ಲ ಅಲಗುಗಳನ್ನೂ ನಾಲ್ಕಾರು ಸಲ ತೆರೆದು ಮುಚ್ಚಿ, ಪೂರ್ತಿ ಒಣಗಿಸಿ, ಕೀಲುಗಳಿಗೆ ಒಂದೊಂದು ಹನಿ ಎಣ್ಣೆ ಬಿಡಲು ಅವನಿಗೆ ಹೇಳಿ.