ಕರೆದವರ ಮನೆ ಹಬ್ಬ

ಗದಗದ ಓದುಗರೊಬ್ಬರ ಪತ್ರ (ಹೆಸರು ಹಾಕಬೇಡಿ ಅಂದಿದ್ದಾರೆ): ‘ಮಗಳು ವಿದ್ಯಾರ್ಥಿ ವಿನಿಮಯದಲ್ಲಿ ಪೋಲೆಂಡಿಗೆ ಹೋಗಿ ಅಲ್ಲಿಯ ಒಂದು ಕುಟುಂಬದ ಜೊತೆ ಇದ್ದಾಳೆ. ಮೊನ್ನೆ ಈಸ್ಟರ್ ದಿನ ನಸುಕಿನಲ್ಲೇ ಎದ್ದು ಅವರೊಂದಿಗೆ ಚರ್ಚಿಗೆ ಹೋದಳಂತೆ. ಮನೆಗೆ ಬಂದು ಅವರು ಕೊಟ್ಟ ಮೊಟ್ಟೆಯ ಚೂರನ್ನೂ ತಿಂದಳಂತೆ. ತಾನೇ ಫೋನ್ ಮಾಡಿ ಹೇಳಿದಳು. ನಾವು ಮೊಟ್ಟೆ ಮುಟ್ಟುವವರಲ್ಲ. “ಇನ್ನ ಆಕಿ ನಮ್ಮಾಕಿ ಎಲ್ಲಿ ಉಳದ್ಲು?” ಅಂತ ನಮ್ಮ ತಾಯಿ ಮೊಮ್ಮಗಳ ಜೊತೆ ಫೋನಿನಲ್ಲಿ ಮಾತು ಬಿಟ್ಟಿದ್ದಾರೆ. ತಲೆನೋವು ಅಂತ ಹೇಳಿ ರೂಮಿನಲ್ಲೇ ಇರಬಹುದಿತ್ತು, ಅಲ್ವಾ?’

ಸಂಪಾದಕರ ಉತ್ತರ:

ಮೊದಲು ನಿಮ್ಮ ತಾಯಿಯವರ ಮಾತು. ಜೀವಮಾನವಿಡೀ ನಡೆಸಿಕೊಂಡು ಬಂದ ಪದ್ಧತಿ ಅದು. ಅವರ ಸಂಕಟ ಸುಳ್ಳಲ್ಲ. ಅವರಿಗೆ ಯಾರೂ ಉಪದೇಶ ಮಾಡುವುದು ಬೇಡ. ಇಷ್ಟು ಹೇಳಿ ನಾನು ನಿಮ್ಮ ಮಗಳ ಪಕ್ಷ ಸೇರುತ್ತೇನೆ.

ಸುಳ್ಳು ಹೇಳಿ ರೂಮಿನಲ್ಲಿ ಕೂರಬೇಕಿತ್ತು ಅನ್ನುತ್ತೀರಲ್ಲ, ಒಂದು ಮಾತು ಕೇಳುತ್ತೇನೆ. ಅದೇ ಪೋಲೆಂಡಿನ ಹುಡುಗಿ ನಿಮ್ಮ ಮನೆಯಲ್ಲಿ ಇದ್ದಾಳೆ ಅಂದುಕೊಳ್ಳಿ. ನಾಗರಪಂಚಮಿ ಬಂತು. ಶೇಂಗಾ ಉಂಡಿ, ತಂಬಿಟ್ಟಿನ ಉಂಡಿ, ಅಳ್ಳು ಎಲ್ಲ ತಯಾರಾಗಿದೆ. ಜೋಕಾಲಿ ಕಟ್ಟಿದೆ. ಹೆಣ್ಣುಮಕ್ಕಳು ಹೊಸ ಸೀರೆ ಉಟ್ಟು ಹಾಲೆರೆಯಲು ಹೊರಟಿದ್ದಾರೆ. ಆಗ ಆ ಹುಡುಗಿ ‘ಇದು ನಮ್ಮ ದೇವರಲ್ಲ’ ಅಂತ ಬಾಗಿಲು ಹಾಕಿಕೊಂಡು ಮಲಗಿದರೆ, ಮೊದಲು ಬೇಜಾರು ಮಾಡಿಕೊಳ್ಳುವವರು ಯಾರು? ನಿಮ್ಮ ತಾಯಿಯೇ. ಎಬ್ಬಿಸಿ, ಕೈಗೆ ಉಂಡಿ ಕೊಟ್ಟು, ಜೋಕಾಲಿ ಮೇಲೆ ಕೂರಿಸುವವರೂ ಅವರೇ.

ಆ ಮನೆಯವರು ಮಾಡಿದ್ದೂ ಅಷ್ಟೇ. ಪೋಲೆಂಡಿನ ಈಸ್ಟರ್ ಬರೀ ಚಾಕ್ಲೇಟಿನ ಮೊಲ ಅಲ್ಲ. ಅದಕ್ಕೆ ಮುಂಚೆ ನಲವತ್ತು ದಿನದ ವ್ರತವಿದೆ. ಈರುಳ್ಳಿ ಸಿಪ್ಪೆ ಹಾಕಿ ಮೊಟ್ಟೆ ಕುದಿಸಿ ಕೆಂಗಂದು ಬಣ್ಣ ಬರಿಸುತ್ತಾರೆ. ಶನಿವಾರ ಒಂದು ಬುಟ್ಟಿಯಲ್ಲಿ ಆ ಮೊಟ್ಟೆ, ಬ್ರೆಡ್, ಉಪ್ಪು, ಬೆಣ್ಣೆಯಲ್ಲೇ ಮಾಡಿದ ಪುಟ್ಟ ಕುರಿಮರಿ ಇಟ್ಟು, ಬಿಳಿ ಬಟ್ಟೆ ಮುಚ್ಚಿ ಚರ್ಚಿಗೆ ಒಯ್ಯುತ್ತಾರೆ. ಪಾದ್ರಿ ಅದರ ಮೇಲೆ ತೀರ್ಥ ಚಿಮುಕಿಸುತ್ತಾರೆ. ಭಾನುವಾರ ಬೆಳಿಗ್ಗೆ ಆರರ ಸುಮಾರಿಗೆ ಪೂಜೆ. ಗಂಟೆ ಬಾರಿಸುತ್ತ ಚರ್ಚಿಗೆ ಮೂರು ಸುತ್ತು ಬರುತ್ತಾರೆ. ಆಮೇಲೆ ಮನೆಗೆ ಬಂದು, ಬೇರೇನೂ ಬಾಯಿಗೆ ಹಾಕುವ ಮುಂಚೆ, ಆ ಮೊಟ್ಟೆಯನ್ನು ಹೆಚ್ಚಿ ಒಬ್ಬೊಬ್ಬರಿಗೂ ಒಂದೊಂದು ಚೂರು ಕೊಡುತ್ತಾರೆ. ಕೊಡುವಾಗ ಆರೋಗ್ಯವಾಗಿರು, ಚೆನ್ನಾಗಿರು ಅಂತ ಹಾರೈಸುತ್ತಾರೆ. ನಾವು ದಸರೆಯಲ್ಲಿ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಅನ್ನುತ್ತೇವಲ್ಲ, ಹಾಗೆ. ಪರದೇಶದ ಹುಡುಗಿಯನ್ನು ಮನೆಯ ಮಗಳ ಲೆಕ್ಕಕ್ಕೆ ಹಿಡಿದು ಆ ಚೂರು ಕೊಟ್ಟಿದ್ದಾರೆ. ಬೇಡ ಅಂದಿದ್ದರೂ ಅವರು ತಪ್ಪು ತಿಳಿಯುತ್ತಿರಲಿಲ್ಲ, ನಿಜ. ಆದರೆ ತಗೊಂಡದ್ದರಲ್ಲಿ ತಪ್ಪೇನಿದೆ?

ಮರುದಿನ ಸೋಮವಾರ ಅಲ್ಲಿ ಒಬ್ಬರ ಮೇಲೊಬ್ಬರು ನೀರು ಸುರಿಯುವ ದಿನ. ರಂಗಪಂಚಮಿಗೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಿಕ್ಕಿಬಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಾಯಿಯವರು ಪಂಚಾಂಗ ನೋಡುವವರಾದರೆ ಇನ್ನೊಂದು ಸಂಗತಿ ಅವರಿಗೆ ಹಿಡಿಸೀತು. ಈಸ್ಟರ್ ಕೂಡ ಚಂದ್ರನನ್ನು ನೋಡಿಯೇ ಬರುವ ಹಬ್ಬ. ಮಾರ್ಚ್ 21ರಿಂದಾಚೆ ಬರುವ ಮೊದಲ ಹುಣ್ಣಿಮೆಯ ನಂತರದ ಭಾನುವಾರ ಅದು. ಒಂದು ವರ್ಷ ಹೋಳಿ ಹುಣ್ಣಿಮೆಯ ಬೆನ್ನಿಗೇ ಬರುತ್ತದೆ, ಮತ್ತೊಂದು ವರ್ಷ ದವನದ ಹುಣ್ಣಿಮೆಯ ಬೆನ್ನಿಗೆ. ಈ ಸಲ, 2026ರಲ್ಲಿ, ಸವದತ್ತಿ ಯಲ್ಲಮ್ಮನ ಭಕ್ತರು ದವನದ ಹುಣ್ಣಿಮೆ ಮಾಡಿದ ವಾರವೇ, ಏಪ್ರಿಲ್ 5ಕ್ಕೆ, ಈಸ್ಟರ್ ಆಯಿತು.

ಇನ್ನು ‘ಆಕಿ ನಮ್ಮಾಕಿ ಎಲ್ಲಿ ಉಳದ್ಲು’ ಅನ್ನುವ ಭಯ. ನೀವಿರುವ ಸೀಮೆಯಲ್ಲೇ ಇದಕ್ಕೆ ಉತ್ತರವಿದೆ. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಧರ್ಮಪ್ರಚಾರಕರ ಸಂಸ್ಥೆಯವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಮುಂದೆ ನಿಮ್ಮ ಬೆಟಗೇರಿಗೂ ಬಂದರು. ಅವರಲ್ಲೊಬ್ಬರು ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಬಂದು, ಹುಬ್ಬಳ್ಳಿ-ಧಾರವಾಡದ ಜನರ ನಡುವೆ ಓಡಾಡಿ ಕನ್ನಡ ಕಲಿತು, ನಮ್ಮ ಗಾದೆಗಳನ್ನೆಲ್ಲ ಬರೆದುಕೊಂಡು, 1894ರಲ್ಲಿ ಆ ದೊಡ್ಡ ನಿಘಂಟು ತಂದರು. ಇಷ್ಟೆಲ್ಲ ಮಾಡಿಯೂ ಪಾದ್ರಿಯಾಗಿಯೇ ಉಳಿದರು. ಇತ್ತ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಶರೀಫರು ಗೋವಿಂದಭಟ್ಟರ ಶಿಷ್ಯರಾದರು. ಅವರ ಗದ್ದುಗೆಗೆ ಈಗಲೂ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಮೊಹರಂ ಹೆಜ್ಜೆಮೇಳ ಕುಣಿಯುವವರು ಹಿಂದೂ ಹುಡುಗರು. ಯಾರೂ ಕಳೆದುಹೋಗಿಲ್ಲ.

ಮತ್ತೆ, ಆಕೆ ತಾನಾಗಿಯೇ ಫೋನ್ ಮಾಡಿ ‘ಒಂದು ಚೂರು ತಿಂದೆ’ ಅಂತ ಹೇಳಿದಳು. ಅದು ನಿಮ್ಮ ಗಮನಕ್ಕೆ ಬರಲೇ ಇಲ್ಲವೇ? ಇಲ್ಲಿ ರಾತ್ರಿ ಎಗ್ ರೈಸ್ ಗಾಡಿಯ ಹತ್ತಿರ, ಗುರುತಿನವರು ನೋಡಿಯಾರು ಅಂತ ಹೆಲ್ಮೆಟ್ ತೆಗೆಯದೆ ಪಾರ್ಸಲ್ ಕಟ್ಟಿಸಿಕೊಳ್ಳುವ ಸುಪುತ್ರರು ಎಷ್ಟು ಜನ ಬೇಕು ಹೇಳಿ, ತೋರಿಸುತ್ತೇನೆ. ಅವರ ಮನೆಗಳಲ್ಲಿ ಯಾರೂ ಮಾತು ಬಿಟ್ಟಿಲ್ಲ.

ನನ್ನ ಸಿಟ್ಟು ಬೇರೆ ಕಡೆ ಇದೆ. ಕಳೆದ ದೀಪಾವಳಿ ಪಾಡ್ಯದ ದಿನ ಧಾರವಾಡದ ಸಪ್ತಾಪುರದಲ್ಲಿ ಒಂದೇ ಒಂದು ಬೇಕರಿ ತೆರೆದಿತ್ತು. ಅಸ್ಸಾಮಿನಿಂದ ಓದಲು ಬಂದ ಹುಡುಗಿಯೊಬ್ಬಳು ಬ್ರೆಡ್ಡು, ನಾಲ್ಕು ಬಾಳೆಹಣ್ಣು ಕೊಳ್ಳುತ್ತಿದ್ದಳು. ಹಬ್ಬ ಅಂತ ಮೆಸ್ ಬಂದ್. ಅವಳ ಪಿಜಿಯ ಕೆಳಗಿನ ಮನೆಯಲ್ಲೇ ಹೋಳಿಗೆ ಬೇಯುತ್ತಿತ್ತಂತೆ, ವಾಸನೆ ಮೇಲಿನವರೆಗೂ ಬರುತ್ತಿತ್ತಂತೆ. ಒಂದು ಹೋಳಿಗೆ ಮೇಲೆ ಹತ್ತಲಿಲ್ಲ. ಮನೆ ಬಾಡಿಗೆಗೆ ಕೇಳಲು ಹೋದರೆ ಹೆಸರಿಗಿಂತ ಮೊದಲು ‘ನೀವು ಯಾರ ಪೈಕಿ?’ ಅಂತ ಕೇಳುತ್ತೇವೆ. ಹಬ್ಬದ ದಿನ ಬೆಳಿಗ್ಗೆ ಮಾತ್ರ ಯಾರ ಪೈಕಿ ಅಂತ ನೋಡದೆ ನೂರಾರು ಜನಕ್ಕೆ ವಾಟ್ಸಾಪ್‌ನಲ್ಲಿ ದೀಪದ ಚಿತ್ರ ಕಳಿಸುತ್ತೇವೆ. ಚಿತ್ರಕ್ಕೆ ಖರ್ಚಿಲ್ಲ ನೋಡಿ. ಗಣಪತಿಗೆ ಓಣಿ ನಡುಗುವಷ್ಟು ಡಿಜೆ ಹಚ್ಚಲು ದುಡ್ಡು ಕೂಡುತ್ತದೆ. ಅದೇ ಓಣಿಯ ಪರಊರಿನ ಮಕ್ಕಳನ್ನು ಕರೆದು ಎಲೆ ಹಾಕಲು ಯಾರಿಗೂ ಪುರುಸೊತ್ತಿಲ್ಲ. ಆ ಪೋಲಿಷ್ ತಾಯಿಯ ಮುಂದೆ ನಾವು ಯಾವ ಮುಖ ಇಟ್ಟುಕೊಂಡು ಸಂಸ್ಕೃತಿಯ ಮಾತಾಡೋದು?

ನೀವು ಇವತ್ತೇ ಆ ಮನೆಯವರಿಗೆ ಫೋನ್ ಮಾಡಿ, ಮಗಳನ್ನು ಜೊತೆಗೆ ಕರೆದುಕೊಂಡು ಹೋದದ್ದಕ್ಕೆ ಥ್ಯಾಂಕ್ಸ್ ಹೇಳಿ. ಶ್ರಾವಣದಲ್ಲಿ ಪಂಚಮಿಗೆ ಬನ್ನಿ ಅಂತ ಕರೆಯಿರಿ. ಅವರಿಗೆ ಬರಲಾಗದಿದ್ದರೆ ಗದಗದ ಹಾಸ್ಟೆಲ್ಲುಗಳಲ್ಲಿ ಆ ದಿನ ಊರಿಗೆ ಹೋಗಲಾಗದೆ ಉಳಿದ ಮಕ್ಕಳು ಇದ್ದೇ ಇರುತ್ತಾರೆ, ಇಬ್ಬರನ್ನು ಕರೆತನ್ನಿ. ಮೊಟ್ಟೆಯ ತಕರಾರನ್ನು ಅಜ್ಜಿ-ಮೊಮ್ಮಗಳೇ ಬಗೆಹರಿಸಿಕೊಳ್ಳಲಿ. ನಡುವೆ ನೀವು ವಕೀಲಿಕೆ ಮಾಡಬೇಡಿ.