ಟ್ರಂಕಿನಲ್ಲಿ ಉಳಿದ ನಕ್ಷತ್ರ

ಕುಮಟಾದ ಓದುಗರೊಬ್ಬರು ಬರೆದಿದ್ದಾರೆ: "ಪರಮವೀರ ಚಕ್ರ ಪಡೆದ ಮೇಜರ್ ರಾಮಾ ರಾಘೋಬಾ ರಾಣೆಯವರ ಬಗ್ಗೆ ನೀವು ಬರೆದದ್ದು ಓದಿದೆ. ನಮ್ಮ ಅಜ್ಜನೂ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದ. ಟ್ರಂಕಿನಲ್ಲಿ ಆರು ಮೂಲೆಯ ನಕ್ಷತ್ರದ ಒಂದು ಪದಕ, ಪುಣೆಯ ಕಿರ್ಕಿಯಿಂದ ಕೊಟ್ಟ ಬಿಡುಗಡೆ ಪತ್ರ ಇವೆ. ಪಿಂಚಣಿ ಬರಲಿಲ್ಲ. ಊರವರು 'ಬ್ರಿಟಿಷರ ಸಿಪಾಯಿ' ಅಂದರು. ಇಂಥವರ ಬಗ್ಗೆ ಯಾರು ಬರೀತಾರೆ?"

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನೀವು ಕೇಳಿದ್ದು ಸರಿ. ನಾವು ಪದಕ ನೋಡಿ ಬರೆದೆವು.

ಆದರೆ ರಾಣೆಯವರ ಬದುಕಿನಲ್ಲೇ ಸ್ವಲ್ಪ ಹಿಂದಕ್ಕೆ ಹೋಗಿ. ಕಾರವಾರದ ಹತ್ತಿರದ ಚೆಂಡಿಯಾದ ಹುಡುಗ 1940ರಲ್ಲಿ ಸೇನೆಯ ಎಂಜಿನಿಯರ್ ಪಡೆಯಾದ ಬಾಂಬೆ ಸ್ಯಾಪರ್ಸ್ ಸೇರಿದ್ದು ಸಾಮಾನ್ಯ ಸಿಪಾಯಿಯಾಗಿ. ಆ ಪಡೆಯ ಕೇಂದ್ರ ಇದೇ ಕಿರ್ಕಿ. ನಿಮ್ಮ ಅಜ್ಜನೂ ಅಲ್ಲಿಯವರೇ ಇರಬೇಕು. ಆಗ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು, ಅಲ್ವಾ? ರಾಣೆಯವರೂ ಬರ್ಮಾದಲ್ಲಿ ಇದ್ದರು. ಪರಮವೀರ ಚಕ್ರ ತಂದದ್ದು ಮಾತ್ರ 1948ರ ಏಪ್ರಿಲ್‌ನ ಕೆಲಸ. ಜಮ್ಮು-ಕಾಶ್ಮೀರದ ನೌಶೇರಾ–ರಜೌರಿ ದಾರಿಯಲ್ಲಿ ಹೂತಿಟ್ಟ ಮೈನು (ನೆಲಬಾಂಬ್), ಕಡಿದು ಕೆಡವಿದ ಮರಗಳನ್ನು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಅವರು 1945ರಲ್ಲೇ ಮನೆಗೆ ಬಂದಿದ್ದರೆ? ಅವರ ಟ್ರಂಕೂ ನಿಮ್ಮ ಅಜ್ಜನ ಟ್ರಂಕಿನ ಹಾಗೇ ಮೂಲೆಯಲ್ಲಿ ಇರುತ್ತಿತ್ತು.

ಪಿಂಚಣಿಯ ಮಾತು ಕಹಿಯಾದದ್ದು. ಯುದ್ಧ ಮುಗಿದಾಗ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಜನ ಇದ್ದರು. ಹೆಚ್ಚಿನವರನ್ನು ಮನೆಗೆ ಕಳಿಸಿದರು. ಸಿಪಾಯಿಗೆ ಪಿಂಚಣಿ ಸಿಗಲು 15 ವರ್ಷ ಸೇವೆ ಆಗಬೇಕು. ಐದಾರು ವರ್ಷ ಕಾಡಿನಲ್ಲಿ ಸವೆದವರಿಗೆ ಸಿಕ್ಕಿದ್ದು ಕೈಗೊಂದಿಷ್ಟು ದುಡ್ಡು, ಒಂದು ಕಾಗದ.

ಆ ಕಾಡಿನಲ್ಲಿ ಗುಂಡಿಗಿಂತ ಜ್ವರವೇ ಜಾಸ್ತಿ ಜನರನ್ನು ಮಲಗಿಸಿತು. 1943ರಲ್ಲಿ ಗಾಯಗೊಂಡ ಒಬ್ಬನನ್ನು ಹಿಂದಕ್ಕೆ ಸಾಗಿಸಿದರೆ, ಕಾಯಿಲೆ ಬಿದ್ದ 120 ಮಂದಿಯನ್ನು ಸಾಗಿಸಬೇಕಾಗಿತ್ತು. ಮಲೇರಿಯಾ ಬಾರದಿರಲಿ ಎಂದು ದಿನಾ ಹಳದಿ ಮಾತ್ರೆ ನುಂಗಿಸುತ್ತಿದ್ದರು. ತಿಂದು ತಿಂದು ಮೈಯೂ ಹಳದಿಯಾಗುತ್ತಿತ್ತು. ನಮ್ಮ ಕಡೆಯವರಿಗೆ ಈ ಜ್ವರ ಹೊಸದಲ್ಲ. ಸಿರ್ಸಿ, ಸಿದ್ದಾಪುರದ ಮನೆಗಳು ಅದರಲ್ಲೇ ನರಳುತ್ತಿದ್ದವು. ಯುದ್ಧದಲ್ಲಿ ಸೊಳ್ಳೆ ಕೊಲ್ಲಲು ಬಳಸಿದ ಡಿಡಿಟಿಯನ್ನೇ 1946ರ ಹೊತ್ತಿಗೆ ನಮ್ಮ ಜಿಲ್ಲೆಯ ಮನೆ ಗೋಡೆಗಳಿಗೂ ಹೊಡೆದರು. ಸಿಪಾಯಿಗಳು ಊರಿಗೆ ಮರಳಿದ ಕಾಲವೂ ಅದೇ.

ಊರವರ ಮಾತಿಗೆ ಬರೋಣ. ಅಂಕೋಲೆಯಲ್ಲಿ 1930ರಲ್ಲಿ ಉಪ್ಪು ಮಾಡಿ ಜೈಲಿಗೆ ಹೋದವರು ಇದ್ದ ಸೀಮೆ ಇದು. ಅವರ ತ್ಯಾಗ ದೊಡ್ಡದು. ಆ ಕಣ್ಣಿಗೆ ಖಾಕಿ ಹಾಕಿದವನು ಬೇರೆಯಾಗಿ ಕಂಡದ್ದೂ ಸಹಜ. ಆದರೆ ಹೊಟ್ಟೆಪಾಡಿಗೆ ಸೇನೆ ಸೇರಿದ ಹುಡುಗನನ್ನು ಜೈಲಿಗೆ ಹೋದವರ ಜೊತೆ ತಕ್ಕಡಿಗೆ ಹಾಕೋದು ಬೇಡ. ಆ ಯುದ್ಧದಲ್ಲಿ ಭಾರತದ 87 ಸಾವಿರ ಸಿಪಾಯಿಗಳು ಸತ್ತರು. ನಿಮ್ಮ ಅಜ್ಜ ಉಳಿದು ಬಂದರು, ಮನೆ ಕಟ್ಟಿದರು, ನೀವು ಹುಟ್ಟಿದಿರಿ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಈಗ ಒಂದು ಕೆಲಸ ಮಾಡಿ. ನಕ್ಷತ್ರದ ನಡುವಿನ ಅಕ್ಷರ ಓದಿ. ರಿಬ್ಬನ್ ಉಳಿದಿದ್ದರೆ ಬಣ್ಣ ನೋಡಿ: ನಡುವೆ ಕೆಂಪು, ಎರಡೂ ಕಡೆ ನೀಲಿ, ನೀಲಿಯಲ್ಲಿ ಕಿತ್ತಳೆ ಗೆರೆ ಇದ್ದರೆ ಅದು ಬರ್ಮಾ ಸ್ಟಾರ್. ಪತ್ರದಲ್ಲಿ ಅಜ್ಜನ ಸೇನಾ ನಂಬರ್ ಇರುತ್ತದೆ, ಅದನ್ನು ಬರೆದು ಕಿರ್ಕಿಯ ದಾಖಲೆ ಕಚೇರಿಗೆ ಕೇಳಿ. ಅಜ್ಜನನ್ನು ಕಂಡ ಹಿರಿಯರು ಮನೆಯಲ್ಲಿದ್ದರೆ, ಅಜ್ಜ ಬರ್ಮಾದ ಬಗ್ಗೆ ಯಾವ ಒಂದು ಮಾತು ಆಡಿದ್ದರು ಅಂತ ಕೇಳಿ ಬರೆದುಕೊಳ್ಳಿ. ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ. ಆ ಕಾಗದದ ಫೋಟೊ ಮಾತ್ರ ಮಳೆ ಹಿಡಿಯುವ ಮೊದಲೇ ತೆಗೆದಿಡಿ. ನಮ್ಮ ಕರಾವಳಿಯ ತೇವಕ್ಕೆ ಹಳೆಯ ಕಾಗದ ಬಹಳ ದಿನ ತಾಳೋದಿಲ್ಲ.